ಉಪದ್ರ ನಿವಾರಣೆಯ ನೋಟೀಸು

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯ ಹೆಂಗಸು ತನ್ನ ಗಂಡನನ್ನು "ಎಂತ ಉಪದ್ರ ಮಾರಾಯ್ರೆ ನಿಮ್ಮದು!" ಎಂದು ಗದರಿಸಿದ್ದು ಬೇಲಿ ದಾಟಿ ನಮ್ಮ ಜಗಲಿಗೆ ಬಂತು. ಗಂಜಿ ಉಣ್ಣುತ್ತ ಕೂತಿದ್ದ ನಾನು, ಯಾರೋ ನನ್ನ ಹೆಸರು ಹಿಡಿದು ಕರೆದಂತಾಗಿ, "ಓ" ಎಂದುಬಿಟ್ಟೆ. ನನ್ನ ಹೆಂಡತಿ ಉಪ್ಪಿನಕಾಯಿಯ ಭರಣಿ ಹಿಡಿದುಕೊಂಡೇ ನಕ್ಕಳು. "ಪೆನ್ಶನ್ ಆಗಿ ಇಷ್ಟು ವರ್ಷ ಆಯ್ತು. ಇನ್ನೂ ಆ ಹೆಸರಿಗೆ ಓಗೊಡ್ತೀರಲ್ಲ!" ಎಂದಳು.

ಓಗೊಡದೆ ಏನು ಮಾಡಲಿ ಹೇಳಿ. ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮೊದಲು, ನಾನು ಈ ಮಂಗಳೂರಿನಲ್ಲಿ ಸ್ಯಾನಿಟರಿ ಇನ್ಸ್‌ಪೆಕ್ಟರನಾಗಿದ್ದೆ. ಹಂಪನಕಟ್ಟೆಯಿಂದ ಬಂದರದವರೆಗೆ ಜನರು ನನಗೆ ಇಟ್ಟಿದ್ದ ಹೆಸರು 'ಉಪದ್ರದ ಇನ್ಸ್‌ಪೆಕ್ಟರು'. ತಂದೆತಾಯಿ ಇಟ್ಟ ಹೆಸರೊಂದು ಇತ್ತು. ಅದು ಸಂಬಳದ ದಿನ ಸಹಿ ಹಾಕುವುದಕ್ಕೆ ಮಾತ್ರ ಉಪಯೋಗವಾಗುತ್ತಿತ್ತು.

ಆ ಉದ್ಯೋಗದ ವೈಭವವನ್ನು ಈಗಿನವರಿಗೆ ವಿವರಿಸುವುದು ಕಷ್ಟ. ಖಾಕಿ ಚಡ್ಡಿ, ಮೊಣಕಾಲಿನವರೆಗೆ ಕಾಲುಚೀಲ, ತಲೆಗೆ ಸೋಲಾ ಟೋಪಿ, ಕೆಳಗೆ ಒಂದು ಸೈಕಲ್. ಮದರಾಸಿನಲ್ಲಿ ತರಬೇತಿ ಮುಗಿಸಿ ಈ ವೇಷದಲ್ಲಿ ನಾನು ಮೊದಲ ಸಲ ಬಜಪೆಯ ಹತ್ತಿರದ ನಮ್ಮ ಮನೆಗೆ ಹೋದಾಗ ಗದ್ದೆಯ ಕೆಲಸದವರೆಲ್ಲ ಎದ್ದು ನಿಂತರು. ಅಪ್ಪ ಮಾತ್ರ ಹಾರೆ ಕೆಳಗಿಡಲಿಲ್ಲ. ಕೆಲಸ ಏನೆಂದು ಕೇಳಿದರು. ಹೇಳಿದೆ. "ಊರವರ ಕಕ್ಕಸು ನೋಡ್ಲಿಕ್ಕೆ ನಿನ್ನನ್ನು ಹೈಸ್ಕೂಲಿಗೆ ಕಳಿಸಿದ್ದಾ ನಾನು?" ಎಂದರು. ಸಾರ್ವಜನಿಕ ಆರೋಗ್ಯದ ಮಹತ್ವದ ಬಗ್ಗೆ ನಾನು ಐದು ನಿಮಿಷ ಭಾಷಣ ಮಾಡಿದೆ. ಅವರು ಪೂರ್ತಿ ಕೇಳಿ, "ಆ ಟೋಪಿ ತೆಗೆದಿಡು, ದನ ಹೆದರ್ತದೆ" ಎಂದರು.

ಇನ್ನೊಂದು ಗುಟ್ಟು ಹೇಳುತ್ತೇನೆ. ನಮ್ಮ ಮನೆಯ ಅಂಗಳದ ಪಕ್ಕದಲ್ಲೇ ಗೊಬ್ಬರದ ಗುಂಡಿ ಇತ್ತು. ಇತ್ತು ಎಂದರೆ ಸಾಲದು, ಅದೇ ನಮ್ಮ ಮನೆತನದ ಮರ್ಯಾದೆಯಾಗಿತ್ತು. ಹೆಣ್ಣು ಕೊಡಲು ಬಂದವರು ಗಂಡಿನ ಮುಖ ಆಮೇಲೆ ನೋಡುತ್ತಿದ್ದರು, ಗೊಬ್ಬರದ ಗುಂಡಿಯನ್ನು ಮೊದಲು ನೋಡುತ್ತಿದ್ದರು. ಗುಂಡಿ ದೊಡ್ಡದಿದ್ದರೆ ದನದ ಹಟ್ಟಿ ದೊಡ್ಡದು, ಹಟ್ಟಿ ದೊಡ್ಡದಿದ್ದರೆ ಗದ್ದೆ ದೊಡ್ಡದು ಎಂಬ ಲೆಕ್ಕ. ಅಂಥ ಗುಂಡಿಯ ಪಕ್ಕದಲ್ಲಿ ಆಡಿ ಬೆಳೆದ ನಾನು ಮದರಾಸಿಗೆ ಹೋಗಿ ಹಿಂತಿರುಗುವಷ್ಟರಲ್ಲಿ, ಆ ಗುಂಡಿ ಕಾಯಿದೆಯ ಪ್ರಕಾರ ಅಪರಾಧವಾಗಿತ್ತು.

ಕಾಯಿದೆಯ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನ್ಯೂಸೆನ್ಸ್ ಎಂದರೆ ಕಣ್ಣಿಗೆ, ಮೂಗಿಗೆ, ಕಿವಿಗೆ ಅಸಹ್ಯವಾಗುವ ಅಥವಾ ನಿದ್ದೆಗೆ ಭಂಗ ತರುವ ಏನು ಬೇಕಾದರೂ ಆಗಬಹುದೆಂದು ಅದು ಹೇಳುತ್ತಿತ್ತು. ಇದನ್ನು ಅಕ್ಷರಶಃ ಹಿಡಿದಿದ್ದರೆ ನಮ್ಮ ಹೆಡ್ ಗುಮಾಸ್ತರ ಮೇಲೆಯೇ ಮೊದಲ ಕೇಸು ಹಾಕಬೇಕಿತ್ತು. ಊಟವಾದ ಮೇಲೆ ಅವರು ಗೊರಕೆ ಹೊಡೆಯಲು ಶುರುಮಾಡಿದರೆ ನಮ್ಮ ಯಾರ ನಿದ್ದೆಯೂ ನೆಟ್ಟಗಾಗುತ್ತಿರಲಿಲ್ಲ.

ನಾವು ಕೊಡುತ್ತಿದ್ದ ನೋಟೀಸುಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಜನರು ಅವನ್ನು ಬಹಳ ಗೌರವದಿಂದ ತೆಗೆದುಕೊಳ್ಳುತ್ತಿದ್ದರು. ಬಂದರದ ಒಬ್ಬ ಒಣಮೀನಿನ ವ್ಯಾಪಾರಿಯ ಅಂಗಡಿಗೆ, ಮೀನನ್ನು ಮುಚ್ಚಿಡಬೇಕೆಂಬ ನೋಟೀಸು ಮುಟ್ಟಿತೋ ಇಲ್ಲವೋ ಎಂದು ನೋಡಲು ಹೋಗಿದ್ದೆ. ಮುಟ್ಟಿತ್ತು. ಮೊಹರು ಇದ್ದ ಕಾಗದವೆಂದು ಅವನು ಅದಕ್ಕೆ ಗಾಜು, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ. ಕೆಳಗೆ ಮೀನು ತೆರೆದೇ ಇತ್ತು. "ಸರಕಾರದ ಸರ್ಟಿಫಿಕೇಟ್ ಉಂಟು ನಮ್ಮ ಮೀನಿಗೆ" ಎಂದು ಗಿರಾಕಿಗಳಿಗೆ ಬೆರಳು ಮಾಡಿ ತೋರಿಸುತ್ತಿದ್ದ. ನೊಣಗಳಿಗೂ ಅದು ಒಪ್ಪಿಗೆಯಾದಂತೆ ಕಾಣುತ್ತಿತ್ತು.

ಈ ಸಂಗತಿಯನ್ನು ನಾನು ನಮ್ಮ ಹೆಲ್ತ್ ಆಫೀಸರರಿಗೆ ವರದಿ ಮಾಡಿದೆ. ಅವರು ಮದರಾಸಿನ ಕಡೆಯ ಡಾಕ್ಟರು, ಒಳ್ಳೆಯವರು, ಕನ್ನಡದ ಗಂಧವಿಲ್ಲದವರು. "ಹಾಗಾದರೆ ನೋಟೀಸನ್ನು ಕನ್ನಡಕ್ಕೆ ಮಾಡು" ಎಂದು ನನಗೇ ಅಂಟಿಸಿದರು. ಹೈಸ್ಕೂಲಿನಲ್ಲಿ ಕನ್ನಡ ಪ್ರಬಂಧಕ್ಕೆ ಬಹುಮಾನ ಪಡೆದಿದ್ದ ನಾನು ಹಿರಿಹಿರಿ ಹಿಗ್ಗಿದೆ. ಮೂರು ದಿನ ಕೂತು, ಹರಿದು, ತಿದ್ದಿ ಬರೆದೆ:

'ನಿಮ್ಮ ಹಿತ್ತಲಿನಲ್ಲಿ ನೆರೆಕರೆಯವರಿಗೆ ಬಾಧೆ ಕೊಡತಕ್ಕ ಉಪದ್ರವವು ಇರುವುದಾಗಿ ಇನ್ಸ್‌ಪೆಕ್ಟರರ ತಪಾಸಣೆಯಿಂದ ಕಂಡುಬಂದಿರುತ್ತದೆ. ಸದರಿ ಉಪದ್ರವವನ್ನು ಏಳು ದಿವಸಗಳೊಳಗೆ ನಿವಾರಿಸತಕ್ಕದ್ದು. ತಪ್ಪಿದಲ್ಲಿ ನಾವೇ ಬಂದು ನಿವಾರಿಸುವೆವು.'

ಎಷ್ಟು ಗಂಭೀರವಾದ ಭಾಷೆ ನೋಡಿ. ಅಚ್ಚಾಗಿ ಬಂದ ದಿನ ಅದನ್ನು ನಾಲ್ಕು ಸಲ ಓದಿಕೊಂಡೆ. ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನನಗೆ ಹೊಳೆಯಲೇಬೇಕಿದ್ದ ಒಂದು ಸಂಗತಿ ಆ ನಾಲ್ಕು ಸಲದಲ್ಲಿ ಒಮ್ಮೆಯೂ ಹೊಳೆಯಲಿಲ್ಲ. ನಮ್ಮಲ್ಲಿ ಉಪದ್ರ ಎಂದರೆ ಸೊಳ್ಳೆಯೂ ಹೌದು, ಸಂಬಂಧಿಕರೂ ಹೌದು. ಆದರೆ ಧ್ವನಿ ತಗ್ಗಿಸಿ "ಆ ಹಿತ್ತಲಲ್ಲಿ ಉಪದ್ರ ಉಂಟಂತೆ" ಎಂದರೆ ಅದು ಬೇರೆ. ಅದು ಪ್ರೇತ, ಅದರ ಕಾಲು ನೆಲಕ್ಕೆ ತಾಗುವುದಿಲ್ಲ. ಅದಕ್ಕೇ ಬಾಧೆ ಎನ್ನುವುದು, ಅದನ್ನೇ ನಿವಾರಣೆ ಮಾಡಿಸುವುದು. ಒಂದು ಶಬ್ದ ತಪ್ಪಿದ್ದರೆ ಏನೋ ಆಗಿಹೋಗುತ್ತಿತ್ತು. ನಾನು ಹುಡುಕಿ ಹುಡುಕಿ ಮೂರನ್ನೂ ಹಾಕಿದ್ದೆ.

ಆ ಹೊಸ ನೋಟೀಸಿನ ಮೊದಲ ಪ್ರತಿ ಹೋದದ್ದು ಚೆನ್ನಕ್ಕನಿಗೆ.

ಚೆನ್ನಕ್ಕ ಕೊಡಿಯಾಲಬೈಲಿನ ಕಡೆ ಒಂದು ತಗ್ಗಿನ ಹಿತ್ತಲಿನಲ್ಲಿದ್ದ ವಿಧವೆ. ಮಕ್ಕಳಿಲ್ಲ. ಬೊಳ್ಳಿ, ಕೆಂಪಿ, ಕಪಿಲೆ ಎಂಬ ಮೂರು ದನಗಳು, ತೆಂಗಿನ ಮಡಲು ಹೊದೆಸಿದ ಒಂದು ಹಟ್ಟಿ, ನಾಲ್ಕಾರು ಮನೆಗಳಿಗೆ ಹಾಲಿನ ವರ್ತನೆ, ಇಷ್ಟೇ ಅವಳ ಸಂಸಾರ. ಹಿತ್ತಲಿನ ಬದಿಯಲ್ಲಿ ಒಂದು ತೋಡು ಹರಿಯುತ್ತಿತ್ತು. ಆ ತೋಡಿನ ಮೇಲ್ಗಡೆ, ಮೂಡು ದಿಕ್ಕಿಗೆ, ರಸ್ತೆಯ ಬದಿಯಲ್ಲಿ, ನಮ್ಮ ವಾರ್ಡಿನ ಕೌನ್ಸಿಲರರ ಕಾಫಿ ಕ್ಲಬ್ಬು. ಅವರು ಊರಿನ ಹಳೆಯ ಭೂಮಾಲಿಕರ ಮನೆಯವರು. ಎಲ್ಲರೂ ಅವರನ್ನು 'ಧನಿಗಳು' ಎನ್ನುತ್ತಿದ್ದರು, ನಾನೂ ಎನ್ನುತ್ತಿದ್ದೆ. ಧನಿಗಳ ಕ್ಲಬ್ಬಿನ ಎಂಜಲು ನೀರು, ಹುಳಿದ ಹಿಟ್ಟು, ಪಾತ್ರೆ ತೊಳೆದ ಬೂದಿ, ಸಾಂಬಾರಿನ ತಳ ಎಲ್ಲವೂ ಆ ತೋಡಿಗೆ ಬೀಳುತ್ತಿತ್ತು. ಅಲ್ಲಿಂದ ಇಳಿದು ಚೆನ್ನಕ್ಕನ ಹಟ್ಟಿಯ ಹಿಂದೆ ಮಡುಗಟ್ಟಿ ನಿಲ್ಲುತ್ತಿತ್ತು. ವಾಸನೆಯ ಬಗ್ಗೆ ದೂರು ಬರೆದುಕೊಟ್ಟವರು ಧನಿಗಳು. ದೂರಿನಲ್ಲಿ ಇದ್ದದ್ದು ಚೆನ್ನಕ್ಕನ ಹಟ್ಟಿ. ಕ್ಲಬ್ಬನ್ನು ಹಿಂದಕ್ಕೆ ಬೆಳೆಸಲು ಅವರಿಗೆ ಆ ಹಿತ್ತಲು ಬೇಕಿತ್ತೆಂಬುದು ಬೀದಿಗೆಲ್ಲ ಗೊತ್ತಿತ್ತು. ದನ ಹೋದರೆ ಅವಳು ಅಲ್ಲಿ ಉಳಿಯಲಾರಳು ಎಂಬುದೂ ಗೊತ್ತಿತ್ತು.

ನಾನು ತಪಾಸಣೆಗೆ ಹೋದೆ. ಮೂಗಿದ್ದವನಿಗೆ ಎರಡು ನಿಮಿಷದ ಕೆಲಸ ಅದು. ದನದ ಹಟ್ಟಿಯ ವಾಸನೆ ಯಾವುದು, ಹಳಸಿದ ಉದ್ದಿನ ಹಿಟ್ಟಿನ ವಾಸನೆ ಯಾವುದು ಎಂದು ನನಗೆ ಯಾರೂ ಕಲಿಸಬೇಕಿರಲಿಲ್ಲ. ಚೆನ್ನಕ್ಕ ಮಣೆ ಹಾಕಿ ಕೂರಿಸಿದಳು. ಊರು ಯಾವುದೆಂದು ಕೇಳಿದಳು. ಬಜಪೆಯ ಕಡೆ, ಮನೆಯಲ್ಲಿ ದನ ಉಂಟು ಎಂದೆ. "ಹಾಗಾದ್ರೆ ನಮ್ಮವರೇ" ಎಂದು ಮಜ್ಜಿಗೆ ಕೊಟ್ಟಳು. ಮಜ್ಜಿಗೆ ಕುಡಿದು ಬಂದು ನೋಟೀಸು ಬರೆದೆ. ಧನಿಗಳಿಗೆ ಬರೆಯುವ ಧೈರ್ಯ ನಮ್ಮ ಆಫೀಸಿನಲ್ಲಿ ಯಾವ ಮಸಿಗೂ ಇರಲಿಲ್ಲ.

ಏಳನೆಯ ದಿವಸ ಇಬ್ಬರು ಕೂಲಿಯವರನ್ನು ಕರೆದುಕೊಂಡು, ಒಂದು ಮೂಟೆ ಬ್ಲೀಚಿಂಗ್ ಪೌಡರು ಹೊರಿಸಿಕೊಂಡು ಮತ್ತೆ ಹೋದೆ. ನೋಡಿದರೆ ಅಂಗಳಕ್ಕೆ ಹೊಸದಾಗಿ ಸೆಗಣಿ ಸಾರಿಸಿದೆ. ಗೊಬ್ಬರದ ಗುಂಡಿಯ ನಾಲ್ಕು ಮೂಲೆಗೆ ಬಾಳೆದಿಂಡು. ಮಧ್ಯದಲ್ಲಿ ಒಡೆದ ತೆಂಗಿನಕಾಯಿ, ಅರಶಿನ, ದಾಸವಾಳ. ಗುಂಡಿ ಇದ್ದಲ್ಲೇ ಇತ್ತು, ಗೊಬ್ಬರವೂ ಇದ್ದಷ್ಟೇ ಇತ್ತು. ಚೆನ್ನಕ್ಕ ಮಡಿ ಸೀರೆ ಉಟ್ಟು ನಗುತ್ತ ಬಂದಳು.

"ಬನ್ನಿ ಇನ್ಸ್‌ಪೆಕ್ಟ್ರೆ, ಪ್ರಸಾದ ತಕ್ಕೊಳ್ಳಿ. ನೀವು ಹೇಳಿದ ಹಾಗೆ ಏಳು ದಿನದ ಒಳಗೆ ಮಾಡಿಸಿದೆ."

"ಎಂತ ಮಾಡಿಸಿದ್ದು ಚೆನ್ನಕ್ಕ?"

"ನಿವಾರಣೆ! ಎದುರು ಮನೆಯ ಮಾಷ್ಟ್ರು ಕಾಗದ ಓದಿ ಹೇಳಿದ್ರು. ನಮ್ಮ ಯಜಮಾನ್ರು ತೀರಿಹೋದ ಲಾಗಾಯ್ತು ನನಗೆ ಸಂಶಯ ಇತ್ತು ಮಾರಾಯ್ರೆ, ಈ ಹಿತ್ತಲಲ್ಲಿ ಏನೋ ಉಂಟು ಅಂತ. ಕೆಂಪಿ ಎರಡು ಸಲ ಕಂದು ಹಾಕಿತು. ಯಾರಿಗೆ ಹೇಳಿದ್ರೂ ನಂಬಲಿಲ್ಲ. ಕಡೆಗೆ ಸರಕಾರಕ್ಕೇ ಗೊತ್ತಾಯಿತಲ್ಲ!" ಎಂದು ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಹಿಂದೆ ನಿಂತಿದ್ದ ಕೂಲಿಯವರನ್ನು ನೋಡಿ, ತಗ್ಗಿದ ಧ್ವನಿಯಲ್ಲಿ ಕೇಳಿದಳು. "ನಾವೇ ಬಂದು ನಿವಾರಿಸುತ್ತೇವೆ ಅಂತ ಬರ್ದಿತ್ತು. ಆಫೀಸಿನ ಮಂತ್ರವಾದಿ ಇವರಲ್ಲಿ ಯಾರು?"

ಬ್ಲೀಚಿಂಗ್ ಪೌಡರ್ ಹೊತ್ತವನು ತಲೆ ತಗ್ಗಿಸಿದ. ಅವನ ಮೈಯೆಲ್ಲ ಬಿಳಿ ಪುಡಿ ಬಿದ್ದು, ಅನುಮಾನಕ್ಕೆ ಸಾಕಷ್ಟು ಕಾರಣವೂ ಇತ್ತು.

ನಾನು ಅಲ್ಲಿಯೇ ನಿಜ ಹೇಳಬೇಕಿತ್ತು. ಅವಳ ಸಂತೋಷ ನೋಡಿ ಬಾಯಿ ಬರಲಿಲ್ಲ. ಪ್ರಸಾದ ತೆಗೆದುಕೊಂಡು, 'ಉಪದ್ರವವು ನಿವಾರಣೆಯಾಗಿರುತ್ತದೆ' ಎಂದು ವರದಿ ಬರೆದು ಫೈಲು ಮುಚ್ಚಿದೆ. ಆಮೇಲೆ ಒಂದು ವಾರ ನಮ್ಮ ಆಫೀಸಿನ ಜಗಲಿಯಲ್ಲಿ ಜನ ಹಿಡಿಸದಾಯಿತು. ಜೆಪ್ಪಿನಿಂದ ಬಂದರು, ಕಂಕನಾಡಿಯಿಂದ ಬಂದರು. "ನಮ್ಮಲ್ಲಿಯೂ ಉಪದ್ರ ಉಂಟು, ಒಂದು ನೋಟೀಸು ಕೊಡಿ" ಎಂದು ದುಂಬಾಲು ಬಿದ್ದರು. ಮೊಹರು ಸ್ವಲ್ಪ ಸ್ಪಷ್ಟವಾಗಿರಲಿ, ಮಡಿಸಿ ತಾಯಿತದೊಳಗೆ ಹಾಕುವುದಕ್ಕುಂಟು ಎಂದು ಒಬ್ಬರು ವಿಶೇಷವಾಗಿ ಕೇಳಿಕೊಂಡರು. ಹೆಲ್ತ್ ಆಫೀಸರರಿಗೆ ಹಿಡಿಸಲಾರದ ಆನಂದ. ಜನರು ತಾವಾಗಿಯೇ ನ್ಯೂಸೆನ್ಸ್ ತೋರಿಸಲು ಮುಂದೆ ಬರುತ್ತಿದ್ದಾರೆ, ಇಡೀ ಪ್ರಾಂತದಲ್ಲಿ ಇಂಥ ನಾಗರಿಕ ಪ್ರಜ್ಞೆ ಕಂಡಿಲ್ಲ ಎಂದು ಮದರಾಸಿಗೆ ಬರೆದರು. ನಾನು ಆ ಕಾಗದವನ್ನು ನನ್ನ ಕೈಯಾರೆ ಟಪಾಲಿಗೆ ಹಾಕಿದೆ.

ಇಷ್ಟಕ್ಕೇ ನಿಂತಿದ್ದರೆ ಇದು ನಗುವ ಕಥೆಯಾಗಿಯೇ ಉಳಿಯುತ್ತಿತ್ತು. ಆದರೆ ಚೆನ್ನಕ್ಕ ನಿವಾರಣೆಗೆ ಮೊದಲು ಬಲ್ಯಾಯರನ್ನು ಕರೆಸಿ ಪ್ರಶ್ನೆ ಇಡಿಸಿದ್ದಳು. ಬಲ್ಯಾಯರೆಂದರೆ ನಮ್ಮ ಕಡೆಯ ಜ್ಯೋತಿಷ್ಯ ಹೇಳುವವರು. ಅವರು ಹಟ್ಟಿಯ ಪಕ್ಕದಲ್ಲಿ ಕವಡೆ ಹರಡಿ, ಹೆಗಲ ಶಾಲಿನಿಂದ ಮೂಗು ಮುಚ್ಚಿಕೊಂಡು, "ಇದು ಈ ಹಿತ್ತಲಿನದ್ದಲ್ಲ. ಮೂಡು ದಿಕ್ಕಿನಿಂದ ಬರ್ತಾ ಉಂಟು, ನೀರಿನ ದಾರಿ ಹಿಡಿದು. ಬರುವಾಗ ಬಿಸಿ, ಇಲ್ಲಿ ಬಂದು ತಣ್ಣಗಾಗಿ ಕೂರ್ತದೆ" ಎಂದಿದ್ದರಂತೆ. ನಾನು ತರಬೇತಿ ಪಡೆದು, ಟೋಪಿ ಹಾಕಿಕೊಂಡು ಬರೆಯಲಾರದ ವರದಿಯನ್ನು ಅವರು ಮಣೆಯ ಮೇಲೆ ಕೂತು ಬಾಯಲ್ಲೇ ಹೇಳಿ ಮುಗಿಸಿದ್ದರು.

ಮೂಡು ದಿಕ್ಕಿನಲ್ಲಿ, ನೀರಿನ ದಾರಿಯಲ್ಲಿ, ಬಿಸಿಯಾಗಿ ಇದ್ದದ್ದು ಒಂದೇ. ಸುದ್ದಿ ಬೀದಿಯಲ್ಲಿ ಹರಡಿತು. ಕ್ಲಬ್ಬಿನ ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಅಲ್ಲಿಯ ದೋಸೆ ತಿಂದರೆ ಆ ಉಪದ್ರ ಹಿಂದೆಯೇ ಮನೆಗೆ ಬರುತ್ತದೆ ಎಂದು ಹೆಂಗಸರು ಗಂಡಂದಿರಿಗೆ ತಾಕೀತು ಮಾಡಿದರು. ಧನಿಗಳು ಎರಡು ಗುಂಡಿ ತೋಡಿಸಿ, ತೋಡಿಗೆ ಬೀಳುತ್ತಿದ್ದ ನೀರನ್ನು ಅದಕ್ಕೆ ತಿರುಗಿಸುವ ಯೋಚನೆಯಲ್ಲಿದ್ದಾರೆ ಎಂದು ಕೇಳಿ ನಾನು ಗುಟ್ಟಾಗಿ ಖುಷಿಪಟ್ಟೆ. ನನ್ನ ತಪ್ಪು ಕನ್ನಡ ಊರಿಗೆ ಉಪಕಾರ ಮಾಡಿತೆಂದು ಬೀಗಿದೆ. ಆದರೆ ಧನಿಗಳು ಗುಂಡಿ ತೋಡಿಸಲಿಲ್ಲ. ನನ್ನನ್ನು ಮನೆಗೆ ಕರೆಸಿದರು.

ಕೂತುಕೊಳ್ಳಿ ಎನ್ನಲಿಲ್ಲ. "ಎಂತ ಇನ್ಸ್‌ಪೆಕ್ಟ್ರೆ, ನಿವಾರಣೆ ಆಗಿದೆ ಅಂತ ಬರ್ದಿದ್ದೀರಂತೆ? ಹಟ್ಟಿ ಅಲ್ಲೇ ಉಂಟು. ವಾಸನೆ ಅಲ್ಲೇ ಉಂಟು. ಸುಳ್ಳು ವರದಿ ಬರೆದವರನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ ಅಂತ ಮುಂದಿನ ಮೀಟಿಂಗಿಗೆ ತರ್ತೇನೆ. ಅದಕ್ಕೆ ಮೊದಲು ಬೆಂಚ್ ಕೋರ್ಟಿನಲ್ಲಿ ಆ ಹಟ್ಟಿಯ ಮೇಲೆ ಕೇಸು ಆಗಲಿ. ಆಗದಾ?" ಎಂದರು.

"ಆಗ್ತದೆ ಧನಿ" ಎಂದೆ. ಆ ಮೂರಕ್ಷರದ 'ಆಗ್ತದೆ'ಯನ್ನು ಹೇಳಲು ನಾನು ತೆಗೆದುಕೊಂಡ ಸಮಯ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಸ್ವಲ್ಪವೂ ತಡಮಾಡಿರಲಿಲ್ಲ.

ಬೆಂಚ್ ಕೋರ್ಟಿನ ಆನರರಿ ಮ್ಯಾಜಿಸ್ಟ್ರೇಟರು ಒಬ್ಬ ಮುದುಕರು. ನಶ್ಯ ಏರಿಸುವ ಚಟವಿದ್ದರೂ ನ್ಯಾಯ ಮಾಡಬೇಕೆಂಬ ಆಸೆ ಇದ್ದವರು. ಧನಿಗಳು ಜರಿಯ ಶಾಲು ಹೊದ್ದು ಮುಂದಿನ ಕುರ್ಚಿಯಲ್ಲಿದ್ದರು. ಚೆನ್ನಕ್ಕನಿಗೆ ವಕೀಲರಿಲ್ಲ. ಅವಳು ಕೈಮುಗಿದು ಒಂದೇ ಮಾತು ಹೇಳಿದಳು.

"ಸ್ವಾಮಿ, ಆ ವಾಸನೆ ನನ್ನ ದನದ್ದಲ್ಲ. ಮೇಲಿನಿಂದ ತೋಡಿನಲ್ಲಿ ಬರುವುದು. ಬೇಕಾದ್ರೆ ಈ ಇನ್ಸ್‌ಪೆಕ್ಟ್ರನ್ನೇ ಕೇಳಿ. ಅವರ ಮನೆಯಲ್ಲೂ ದನ ಉಂಟು, ಅವರಿಗೆ ಗೊತ್ತಾಗ್ತದೆ. ಅವರು ಹೇಳಿದ ಹಾಗೆ ಆಗ್ಲಿ."

ಮ್ಯಾಜಿಸ್ಟ್ರೇಟರಿಗೆ ಇದು ಸರಿಯೆನಿಸಿತು. ಕೈಯಲ್ಲಿದ್ದ ನಶ್ಯವನ್ನು ಹಾಗೇ ತಡೆದು ನನ್ನ ಕಡೆ ತಿರುಗಿದರು. "ನೀವು ಖುದ್ದಾಗಿ ಹೋಗಿ ನೋಡಿದ್ದೀರಷ್ಟೆ? ವಾಸನೆ ಹಟ್ಟಿಯದ್ದೋ, ತೋಡಿನದ್ದೋ?"

ಇಡೀ ಕೋರ್ಟು ನನ್ನ ಮುಖ ನೋಡಿತು. ತೋಡಿನದ್ದು ಎಂದರೆ ನನ್ನ ಕೆಲಸ ಹೋಗುತ್ತಿತ್ತು. ಹಟ್ಟಿಯದ್ದು ಎನ್ನಲು, ಆ ಹೆಂಗಸಿನ ಮಜ್ಜಿಗೆ ಕುಡಿದ ನಾಲಗೆ ಏಳಲಿಲ್ಲ. ಆಗ ನನ್ನ ಬುದ್ಧಿಗೆ ಮಹಾ ಜಾಣತನದ ಉತ್ತರವೊಂದು ಹೊಳೆಯಿತು.

"ಆ ದಿವಸಗಳಲ್ಲಿ ನನಗೆ ಶೀತವಾಗಿತ್ತು ಮಹಾಸ್ವಾಮಿ. ವಾಸನೆ ತಿಳಿಯಲಿಲ್ಲ" ಎಂದೆ.

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಮ್ಯಾಜಿಸ್ಟ್ರೇಟರು ನನ್ನನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, ತಡೆದಿದ್ದ ನಶ್ಯವನ್ನು ಏರಿಸಿದರು. ಹೆಂಗಸಿನ ಮಾತಿಗೆ ಬೇರೆ ಸಾಕ್ಷಿ ಇಲ್ಲ, ಕೌನ್ಸಿಲರರ ದೂರು ಲಿಖಿತವಾಗಿದೆ, ಹದಿನೈದು ದಿವಸಗಳೊಳಗೆ ಹಟ್ಟಿಯನ್ನು ತೆಗೆಯತಕ್ಕದ್ದು ಎಂದು ಬರೆಸಿದರು. ನಾನು ಸುಳ್ಳನ್ನೂ ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ ಎಂದು ಮನಸ್ಸಿನಲ್ಲೇ ಸಮಾಧಾನ ಮಾಡಿಕೊಂಡು ಹೊರಬಂದೆ. ಈ ಸಮಾಧಾನ ಮನೆ ಮುಟ್ಟುವವರೆಗೂ ಉಳಿಯಲಿಲ್ಲ. ನಾನು ಹೇಳಿದ್ದು ಶುದ್ಧ ಸುಳ್ಳು, ಹೇಳಿದ್ದು ಹೆದರಿಕೆಯಿಂದ. ಬೇರೆ ಹೆಸರು ಅದಕ್ಕಿಲ್ಲ.

ಹದಿನಾರನೆಯ ದಿವಸ ಬೆಳಿಗ್ಗೆ ಜಡಿಮಳೆ. ಅದೇ ಇಬ್ಬರು ಕೂಲಿಯವರೊಂದಿಗೆ ಹೋದೆ. ಚೆನ್ನಕ್ಕನ ತಮ್ಮ ವಾಮಂಜೂರಿನಿಂದ ಬಂದಿದ್ದ. ದನಗಳನ್ನು ಅವನ ಮನೆಗೆ ಹೊಡೆದುಕೊಂಡು ಹೋಗುವುದೆಂದು ಆಗಿತ್ತು, ಅವಳೂ ಜೊತೆಗೆ ಹೋಗುವವಳಿದ್ದಳು. ಹಗ್ಗ ಬಿಚ್ಚಿದರೂ ಕಪಿಲೆ ಹಟ್ಟಿಯಿಂದ ಹೊರಗೆ ಬರಲೊಲ್ಲದು. ಕೂಲಿಯವರು ಮಾಡಿನಿಂದ ಮಡಲು ಎಳೆಯತೊಡಗಿದ ಮೇಲೆ, ಮಳೆ ಬೆನ್ನಿಗೆ ಬಿದ್ದಾಗ, ತಾನಾಗಿ ಹೊರಗೆ ಬಂತು. ಆ ಮಳೆಯಲ್ಲೂ ತೋಡು ಹುಳಿ ಹುಳಿಯಾಗಿ ನಾರುತ್ತಿತ್ತು. ನಾನು ಕೊಡೆ ಹಿಡಿದು ನಿಂತಿದ್ದೆ. ಅವಳು ಬಯ್ಯುವಳೆಂದು ಕಾಯುತ್ತಿದ್ದೆ, ನಿಜ ಹೇಳಬೇಕೆಂದರೆ ಬಯ್ದರೆ ಸಾಕೆಂದಿದ್ದೆ.

ಚೆನ್ನಕ್ಕ ಒಳಗಿನಿಂದ ಬಂದಳು. ಸೆರಗಿನಲ್ಲಿ ಹಿಡಿದು ತಂದದ್ದು ಒಂದು ಲೋಟ ಬಿಸಿ ಹಾಲು.

"ಕೋರ್ಟಲ್ಲಿ ಶೀತ ಅಂತ ಹೇಳಿದ್ರಲ್ಲ ಇನ್ಸ್‌ಪೆಕ್ಟ್ರೆ. ಇನ್ನೂ ಬಿಡಲಿಲ್ಲವಾ? ಈ ಮಳೆಯಲ್ಲಿ ಸೈಕಲಿನಲ್ಲಿ ತಿರುಗಿದ್ರೆ ಹೇಗೆ ಬಿಡ್ತದೆ. ಕರಿಮೆಣಸು, ಅರಶಿನ ಹಾಕಿದ್ದೇನೆ. ಬಿಸಿ ಇರುವಾಗಲೇ ಕುಡಿಯಿರಿ. ನಾಳೆ ಬಂದ್ರೆ ಇಲ್ಲಿ ಹಾಲು ಇಲ್ಲ."

ನಾನು ಅವಳ ಮುಖದಲ್ಲಿ ಕುಚೋದ್ಯವನ್ನು ಹುಡುಕಿದೆ. ಒಂದು ಎಳೆಯಾದರೂ ಸಿಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಸಿಗಲಿಲ್ಲ. ಅವಳು ನನ್ನ ಮಾತನ್ನು ಪೂರ್ತಿ ನಂಬಿದ್ದಳು. ಶೀತ ಇರದಿದ್ದರೆ ಈ ಬಜಪೆಯವನು ತನ್ನ ಪರವಾಗಿ ಹೇಳಿಯೇ ಹೇಳುತ್ತಿದ್ದ ಎಂದು ಇಷ್ಟು ದಿನ ಅಂದುಕೊಂಡಿದ್ದಳು.

ಕೂಲಿಯವರು ಮಡಲು ಎಳೆಯುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಲೋಟವನ್ನು ಎರಡು ಕೈಯಲ್ಲಿ ತೆಗೆದುಕೊಂಡೆ. ಅವಳು ಎದುರಿಗೇ ನಿಂತಿದ್ದಳಲ್ಲ, ಶೀತ ಇದ್ದವರ ಹಾಗೆ ಒಂದು ಸಲ ಮೂಗು ಸೊರ್ ಎನಿಸಿಕೊಂಡೆ. ಆಮೇಲೆ ಹಾಲನ್ನು ಕಡೆಯ ಗುಟುಕಿನವರೆಗೆ ಕುಡಿದೆ.